ಟ್ರಮಡಾಲ್: ಸಾಧು ಅಂದುಕೊಂಡ ನೋವಿನ ಮಾತ್ರೆ

[ದೃಶ್ಯ: ಮೈಸೂರು, ಧನ್ವಂತರಿ ರಸ್ತೆ. ಮೆಡಿಕಲ್ ಶಾಪ್ ಕೌಂಟರ್ ಮೇಲೆ ಮಾತ್ರೆಯ ಸ್ಟ್ರಿಪ್. ಕ್ಯಾಮೆರಾ ಹತ್ತಿರಕ್ಕೆ.]

ನಮಸ್ಕಾರ. ಈ ಸ್ಟ್ರಿಪ್‌ನ ಎಡಗಡೆ ಮೇಲಿನ ಮೂಲೆ ನೋಡಿ. ಕೆಂಪು ಅಕ್ಷರದಲ್ಲಿ ‘ಎನ್‌ಆರ್‌ಎಕ್ಸ್’ ಅಂತಿದೆ. ಆ ‘ಎನ್’ ಇದ್ದರೆ ಔಷಧ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತೆ ಅಂತ ಲೆಕ್ಕ. ಗಾಂಜಾ, ಅಫೀಮು ಕೇಸ್ ಹಾಕ್ತಾರಲ್ಲ, ಅದೇ ಕಾಯ್ದೆ.

ಮಾತ್ರೆಯ ಹೆಸರು ಟ್ರಮಡಾಲ್. ಆಪರೇಷನ್ ಆದವರಿಗೆ, ಕ್ಯಾನ್ಸರ್ ನೋವು ಇರುವವರಿಗೆ ಡಾಕ್ಟರ್ ಬರೆದುಕೊಡುತ್ತಾರೆ. ಇದು ಮಾರುಕಟ್ಟೆಗೆ ಬಂದು ನಲವತ್ತು ವರ್ಷ ಆದಮೇಲೆ ನಮ್ಮಲ್ಲಿ ಆ ‘ಎನ್’ ಬಿತ್ತು.

[ನಕ್ಷೆ: ಜರ್ಮನಿ]

1960ರ ದಶಕದ ಶುರುವಿನಲ್ಲಿ ಜರ್ಮನಿಯ ಗ್ರುನೆಂಥಾಲ್ ಕಂಪನಿ ಇದನ್ನು ಲ್ಯಾಬ್‌ನಲ್ಲಿ ತಯಾರಿಸಿತು. ಹೌದು, ಗರ್ಭಿಣಿಯರೂ ನುಂಗಿದ್ದ ಥಾಲಿಡೊಮೈಡ್ ಅನ್ನೋ ಮಾತ್ರೆ ಮಾರಿ ಸಾವಿರಾರು ಮಕ್ಕಳು ಅಂಗವಿಕಲರಾಗಿ ಹುಟ್ಟೋಕೆ ಕಾರಣವಾದ ಕಂಪನಿಯೇ. 1977ರಲ್ಲಿ ಟ್ರಮಡಾಲ್ ಮಾರಾಟ ಶುರುವಾಯಿತು. ಅಫೀಮಿನಿಂದ ತೆಗೆಯುವ ನೋವಿನ ಮದ್ದು ಮಾರ್ಫಿನ್‌ಗಿಂತ ಸೌಮ್ಯ, ಚಟ ಹಿಡಿಯೋದು ಕಮ್ಮಿ ಅನ್ನೋ ಹೆಸರು ಬಂತು. ನನ್ನ ಪ್ರಕಾರ ಅನಾಹುತ ಮಾಡಿದ್ದು ಈ ಒಳ್ಳೇ ಹೆಸರೇ.

ಮಾತ್ರೆ ನುಂಗಿದ ಮೇಲೆ ಲಿವರ್ ಅದನ್ನು ಇನ್ನೊಂದು ವಸ್ತುವಾಗಿ ಬದಲಾಯಿಸುತ್ತೆ. ಅಫೀಮಿನ ಥರ ಕೆಲಸ ಮಾಡೋದು ಮುಖ್ಯವಾಗಿ ಆ ವಸ್ತು. ಎಲ್ಲರ ಲಿವರ್ ಒಂದೇ ಸಮ ಬದಲಾಯಿಸಲ್ಲ. ಒಬ್ಬರಿಗೆ ನೋವೇ ಇಳಿಯಲ್ಲ, ಇನ್ನೊಬ್ಬರಿಗೆ ಅದೇ ಡೋಸ್ ಉಸಿರಾಟಕ್ಕೇ ಕುತ್ತು ತರಬಹುದು. ಜಾಸ್ತಿ ನುಂಗಿದರೆ ಫಿಟ್ಸ್ ಕೂಡ ಬರುತ್ತೆ.

[ದೃಶ್ಯ: ಮಂಡ್ಯದ ಹೊಲ, ನೇಗಿಲು ಎಳೆಯುವ ಎತ್ತುಗಳು]

ಎತ್ತಿಗೂ ಈ ಮಾತ್ರೆಗೂ ಏನು ಸಂಬಂಧ ಅಂತೀರಾ? 2013ರಲ್ಲಿ ವಿಜ್ಞಾನಿಗಳ ಒಂದು ತಂಡ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಒಂದು ಗಿಡದ ಬೇರಿನಲ್ಲಿ ಟ್ರಮಡಾಲ್ ಸಿಕ್ಕಿತು ಅಂತ ಹೇಳಿತು. ಅಲ್ಲಿನ ಜನ ನೋವಿಗೆ ಮದ್ದಾಗಿ ಬಳಸುತ್ತಿದ್ದ ಗಿಡ ಅದು. ಲ್ಯಾಬ್‌ನಲ್ಲಿ ಮಾಡಿದ್ದು ಪ್ರಕೃತಿಯಲ್ಲೇ ಇದೆಯಲ್ಲ ಅಂತ ಎಲ್ಲರಿಗೂ ಬೆರಗು. ಮರುವರ್ಷ ಜರ್ಮನಿಯ ಇನ್ನೊಂದು ತಂಡ ಬೇರೆಯೇ ಕಥೆ ಹೇಳಿತು. ಬಿಸಿಲಲ್ಲಿ ಸುಸ್ತಾಗದೆ ಉಳಲಿ ಅಂತ ರೈತರು ಎತ್ತುಗಳಿಗೆ ಟ್ರಮಡಾಲ್ ತಿನ್ನಿಸುತ್ತಿದ್ದರಂತೆ. ತಾವೂ ನುಂಗುತ್ತಿದ್ದರಂತೆ. ಅದು ಗಂಜಲದಲ್ಲಿ ಮಣ್ಣಿಗೆ ಸೇರಿ, ಮಣ್ಣಿಂದ ಬೇರಿಗೆ ಹತ್ತಿತು ಅನ್ನೋದು ಅವರ ವಾದ. ಎರಡು ತಂಡಗಳ ಜಗಳ ಆಮೇಲೂ ನಡೆಯಿತು, ಅದಿರಲಿ. ಮೈಮುರಿದು ದುಡಿಯುವವರ ಕೈಗೆ ನೋವಿನ ಮಾತ್ರೆ ಹೇಗೆ ಸೇರುತ್ತೆ ನೋಡಿ. ಅಂದಹಾಗೆ, ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿದ್ದ ಮಾತ್ರೆಗಳಲ್ಲಿ ಬಹಳಷ್ಟು ತಯಾರಾಗಿದ್ದು ನಮ್ಮ ದೇಶದಲ್ಲೇ.

[ದೃಶ್ಯ: ಮತ್ತೆ ಕೌಂಟರ್, ರಿಜಿಸ್ಟರ್]

‘ಅಣ್ಣ, ಹೋದ್ಸಲ ಕೊಟ್ರಲ್ಲ, ಅದೇ ಸ್ಟ್ರಾಂಗ್ ಮಾತ್ರೆ ಕೊಡಿ.’ ಈ ಮಾತನ್ನ ಕೇಳದ ಮೆಡಿಕಲ್ ಶಾಪ್ ಇದೆಯಾ? 2014ರಲ್ಲಿ ಟ್ರಮಡಾಲ್ ಶೆಡ್ಯೂಲ್ ಎಚ್1 ಪಟ್ಟಿಗೆ, ಅಂದರೆ ಡಾಕ್ಟರ್ ಚೀಟಿ ನೋಡಿ, ಲೆಕ್ಕ ಬರೆದಿಟ್ಟೇ ಮಾರಬೇಕಾದ ಔಷಧಗಳ ಪಟ್ಟಿಗೆ ಸೇರಿತು. ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಮಾತ್ರೆ ಕೊಟ್ಟರು, ಇಷ್ಟನ್ನೂ ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. 2018ರ ಏಪ್ರಿಲ್‌ನಲ್ಲಿ ಅದು ಎನ್‌ಡಿಪಿಎಸ್ ಕಾಯ್ದೆಯ ಕೆಳಗೂ ಬಂತು.

ಬಿಗಿ ಮಾಡಿದ್ದು ಸರಿ. ಆದರೆ ಭಯವೂ ಅತಿಯಾಗಬಾರದು. 1985ರ ಎನ್‌ಡಿಪಿಎಸ್ ನಿಯಮಗಳ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ಕ್ಯಾನ್ಸರ್ ರೋಗಿಗಳು ಸುಮ್ನೆ ನರಳಿದರು. 2014ರ ತಿದ್ದುಪಡಿ ಬಂದಮೇಲೆ ಆ ಗಂಟು ಸ್ವಲ್ಪ ಸಡಿಲವಾಯಿತು.

ಇನ್ನೊಂದು ಕಡೆ, ಟ್ರಮಡಾಲ್ ಸಿಗೋದು ಕಷ್ಟವಾದಾಗ ಟ್ಯಾಪೆಂಟಡಾಲ್ ಅನ್ನೋ ಅದೇ ಥರದ ಇನ್ನೊಂದು ನೋವಿನ ಮಾತ್ರೆಯ ಹೆಸರು ಕೇಳಿಬರತೊಡಗಿತು. ಅದೂ ಗ್ರುನೆಂಥಾಲ್ ಕೂಸೇ. ಟ್ಯಾಪೆಂಟಡಾಲನ್ನು ಕ್ಯಾರಿಸೊಪ್ರೊಡಾಲ್ ಅನ್ನೋ ಸ್ನಾಯು ಸಡಿಲಿಸುವ ಔಷಧದ ಜೊತೆ ಬೆರೆಸಿದ ಮಾತ್ರೆಯ ರಫ್ತಿಗೆ 2025ರ ಫೆಬ್ರುವರಿಯಲ್ಲಿ ಕೇಂದ್ರ ತಡೆ ಹಾಕಿತು.

[ಪರದೆ ಮೇಲೆ: 14446]

ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಟ್ರಮಡಾಲ್ ನುಂಗುತ್ತಿದ್ದರೆ ಬೈದು ಕಿತ್ತುಕೊಳ್ಳಬೇಡಿ. ಒಮ್ಮೆಲೇ ನಿಲ್ಲಿಸಿದರೆ ಬೆವರು, ಮೈಕೈ ನೋವು, ನಿದ್ದೆ ಇಲ್ಲದ ರಾತ್ರಿಗಳು ಶುರುವಾಗುತ್ತವೆ. ಡೋಸ್ ಹಂತಹಂತವಾಗಿ ಇಳಿಸೋದು ಡಾಕ್ಟರ್ ಕೆಲಸ. ವ್ಯಸನ ಬಿಡಿಸುವ ಸರ್ಕಾರದ ಸಹಾಯವಾಣಿ 14446, ಈ ಕರೆಗೆ ದುಡ್ಡಿಲ್ಲ.