ಕೀಲಿ ಕೊಟ್ಟ ಕ್ಯಾಮೆರಾದಲ್ಲಿ ಧಾರೆ ಮುಹೂರ್ತ

ಈಗ ನೀವು ನೋಡುತ್ತಿರುವ ಮದುವೆಯ ದೃಶ್ಯಗಳನ್ನು ಸ್ವಿಟ್ಜರ್ಲೆಂಡಿನ ಬೋಲೆಕ್ಸ್ ಎಚ್‌16 ಕ್ಯಾಮೆರಾದಿಂದ 16 ಎಂ.ಎಂ. ಫಿಲ್ಮಿನ ಮೇಲೆ ಚಿತ್ರೀಕರಿಸಿದ್ದೇನೆ. ಇದಕ್ಕೆ ಬ್ಯಾಟರಿ ಬೇಕಿಲ್ಲ. ಹಳೆಯ ಗೋಡೆ ಗಡಿಯಾರದಂತೆ ಕೀಲಿ ಕೊಡಬೇಕು. ಸೆಕೆಂಡಿಗೆ 24 ಫ್ರೇಮುಗಳ ವೇಗದಲ್ಲಿ ಪೂರ್ತಿ ಕೀಲಿಗೆ ಸುಮಾರು 28 ಸೆಕೆಂಡು ಓಡುತ್ತದೆ. 100 ಅಡಿಯ ಸುರುಳಿ ಎರಡು ಮುಕ್ಕಾಲು ನಿಮಿಷಕ್ಕೆ ಮುಗಿಯುತ್ತದೆ.

ಈ ಮಿತಿಯೇ ನನಗೆ ಪ್ರಿಯವಾದದ್ದು. ಡಿಜಿಟಲ್ ಕ್ಯಾಮೆರಾ ಬಿಡದೆ ಓಡುತ್ತಿದ್ದರೆ ಯಾವ ಕ್ಷಣವನ್ನು ಉಳಿಸಬೇಕೆಂಬುದನ್ನು ಎಡಿಟಿಂಗ್ ಹೊತ್ತಿಗೆ ಮುಂದೂಡಬಹುದು; ಇಲ್ಲಿ ಅದು ಮಂಟಪದಲ್ಲೇ ತೀರ್ಮಾನವಾಗಬೇಕು. ಆದ್ದರಿಂದ ಪುರೋಹಿತರೊಡನೆ ಮೊದಲೇ ಕುಳಿತು, ಅಂತರಪಟ ಯಾವ ಶ್ಲೋಕಕ್ಕೆ ಸರಿಯುತ್ತದೆ, ಜೀರಿಗೆ-ಬೆಲ್ಲ ಹಾಕುವಾಗ ವಧೂವರರು ಯಾವ ಕಡೆ ಮುಖ ಮಾಡಿರುತ್ತಾರೆ, ಧಾರೆ ಎರೆಯುವವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತೇನೆ. ಮಂಗಲಾಷ್ಟಕ ಕೊನೆಗೆ ಬರುವಷ್ಟರಲ್ಲಿ ಪೂರ್ತಿ ಕೀಲಿ ಕೊಟ್ಟಿರಬೇಕು. ಗಟ್ಟಿಮೇಳ ಮೊಳಗಿದ ಮೇಲೆ ಕೀಲಿ ತಿರುಗಿಸುತ್ತ ಕುಳಿತರೆ ಮಾಂಗಲ್ಯಧಾರಣೆ ಕೈತಪ್ಪುತ್ತದೆ.

ಒಂದರ ಮೇಲೊಂದು ಚಿತ್ರ ಮೂಡಿಸುವ ಹಳೆಯ ವಿಧಾನ ನನ್ನನ್ನು ಈ ಕ್ಯಾಮೆರಾಕ್ಕೆ ಕಟ್ಟಿಹಾಕಿದೆ. ಕತ್ತಲ ಹಿನ್ನೆಲೆಯಲ್ಲಿ ಆರತಿಯ ದೀಪವನ್ನು ಮೊದಲು ಚಿತ್ರೀಕರಿಸಿ, ಲೆನ್ಸಿಗೆ ಮುಚ್ಚಳ ಹಾಕಿ, ಫ್ರೇಮ್ ಎಣಿಕೆ ನೋಡುತ್ತ ಫಿಲ್ಮನ್ನು ಕೈಹಿಡಿಯಿಂದ ಹಿಂದಕ್ಕೆ ಸುತ್ತಿ, ಅದೇ ಫ್ರೇಮುಗಳ ಮೇಲೆ ವಧುವಿನ ಮುಖವನ್ನು ಚಿತ್ರೀಕರಿಸುತ್ತೇನೆ. ಎರಡು ಬಾರಿ ಬೆಳಕು ಬೀಳುವುದರಿಂದ ಪ್ರತಿ ಬಾರಿಯೂ ಬೆಳಕನ್ನು ತುಸು ಕಡಿಮೆ ಬಿಡಬೇಕು. ದೀಪ ಮತ್ತು ಮುಖ ಹೇಗೆ ಬೆರೆತಿವೆ ಎಂಬುದು ಫಿಲ್ಮ್ ಸಂಸ್ಕರಣೆಯಾಗಿ ಬರುವವರೆಗೂ ಕಾಣುವುದಿಲ್ಲ. ಡಿಜಿಟಲ್ ಚಿತ್ರದ ಮೇಲೆ ಗೀರು, ಕಣಗಳನ್ನು ಹರಡುವ ಫಿಲ್ಟರುಗಳಲ್ಲಿ ಹಳೆಯದರ ತೋರಿಕೆ ಸಿಗಬಹುದು, ಆದರೆ ಇಂತಹ ಯೋಚನೆ ಬೇಕಾಗುವುದಿಲ್ಲ.

ಈ ಕ್ಯಾಮೆರಾ ಧ್ವನಿಯನ್ನು ಹಿಡಿಯುವುದಿಲ್ಲ, ಅದರದೇ ಸದ್ದೂ ಇದೆ. ಸ್ಪ್ರಿಂಗಿನ ವೇಗ ಕರಾರುವಾಕ್ಕಾಗಿರದ ಕಾರಣ ತುಟಿಚಲನೆಗೆ ಮಾತನ್ನು ಹೊಂದಿಸುವುದೂ ಕಷ್ಟ. ಹಾಗಾಗಿ ವಾಲಗ, ಮಂತ್ರ, ಅಜ್ಜಿಯ ಹರಕೆಗಳನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿ ಚಿತ್ರದ ಅಡಿಯಲ್ಲಿ ಹರಿಯಬಿಡುತ್ತೇನೆ.

ಮದುವೆಯ ಪ್ರತಿ ಶಾಸ್ತ್ರವೂ ಪೂರ್ತಿಯಾಗಿ ಬೇಕೆನ್ನುವವರಿಗೆ, ಜೊತೆಯಲ್ಲಿ ಡಿಜಿಟಲ್ ಕ್ಯಾಮೆರಾವನ್ನೂ ಇಟ್ಟುಕೊಳ್ಳಿ ಎಂದೇ ಹೇಳುತ್ತೇನೆ. ಫಿಲ್ಮಿನ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ ಮನೆಯವರಿಂದ ನಾನು ಕೇಳುವುದು ಒಂದನ್ನೇ: ಆ ಕೆಲವೇ ನಿಮಿಷಗಳಲ್ಲಿ ಯಾರ ಮುಖಗಳು ಇರಲೇಬೇಕು ಎಂಬುದನ್ನು.