ಹಳೇ ಎಲೆ ಬಿಡಿ, ಸುಳಿ ನೋಡಿ: ಅಕ್ವೇರಿಯಂ ಗಿಡಗಳ ಮೊದಲ ಪಾಠ

ಎಲ್ಲರಿಗೂ ನಮಸ್ಕಾರ.

ಅಕ್ವೇರಿಯಂಗೆ ಮೊದಲ ಸಲ ಜೀವಂತ ಗಿಡ ತಂದವರು ಬಹುತೇಕ ಒಂದೇ ದೂರು ಹೇಳುತ್ತಾರೆ. ತರುವಾಗ ಗಿಡ ನಳನಳಿಸುತ್ತಿತ್ತು. ಟ್ಯಾಂಕಿಗೆ ಹಾಕಿ ವಾರ ಕಳೆಯುವಷ್ಟರಲ್ಲಿ ಎಲೆ ಬಣ್ಣಗೆಟ್ಟಿತು, ತೂತು ಬಿತ್ತು, ಕೊನೆಗೆ ಲೋಳೆಯಾಗಿ ಕರಗಿಹೋಯಿತು. ಕಿತ್ತು ಎಸೆದು ಪ್ಲಾಸ್ಟಿಕ್ ಗಿಡ ಇಟ್ಟೆವು ಅನ್ನುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ, ಯಾಕೆಂದರೆ ಹಾಗೆ ಎಸೆದ ಗಿಡಗಳಲ್ಲಿ ಎಷ್ಟೋ ಗಿಡ ಸತ್ತಿರುವುದೇ ಇಲ್ಲ.

ಆಗುವುದು ಏನು ಅಂತ ನೋಡೋಣ. ನಾವು ಕೊಳ್ಳುವ ಗಿಡಗಳಲ್ಲಿ ಹೆಚ್ಚಿನವನ್ನು ನರ್ಸರಿಯವರು ನೀರಿನೊಳಗೆ ಬೆಳೆಸಿರುವುದಿಲ್ಲ. ಬೇರು ಮಾತ್ರ ಒದ್ದೆಯಲ್ಲಿ, ಎಲೆಯೆಲ್ಲ ಗಾಳಿಯಲ್ಲಿ. ಹಾಗೆ ಮಾಡಿದರೆ ಗಿಡ ಬೇಗ ಬೆಳೆಯುತ್ತದೆ, ಪಾಚಿಯ ಕಾಟವೂ ಇಲ್ಲ. ಆದರೆ ಗಾಳಿಯಲ್ಲಿ ಬೆಳೆದ ಎಲೆ ಗಾಳಿಗೆ ತಕ್ಕ ಎಲೆ. ಒಣಗದಿರಲಿ ಅಂತ ಅದರ ಮೇಲೆ ಮೇಣದಂಥ ಪದರ ಇರುತ್ತದೆ, ಉಸಿರಾಡಲು ಸಣ್ಣ ಸಣ್ಣ ರಂಧ್ರ ಇರುತ್ತವೆ. ನೀರಿನಲ್ಲಿ ಮುಳುಗಿಸಿದರೆ ಅದಕ್ಕೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಸಾಕಷ್ಟು ಸಿಗುವುದಿಲ್ಲ. ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆಗ ಗಿಡ ಹಳೇ ಎಲೆಯಲ್ಲಿರುವ ಸತ್ವವನ್ನು ಆದಷ್ಟು ಹಿಂದಕ್ಕೆ ಎಳೆದುಕೊಂಡು, ನೀರಿಗೆ ತಕ್ಕ ತೆಳ್ಳಗಿನ ಹೊಸ ಎಲೆ ಬಿಡಲು ಶುರು ಮಾಡುತ್ತದೆ. ಕರಗುವುದೂ ಚಿಗುರುವುದೂ ಒಟ್ಟೊಟ್ಟಿಗೇ ನಡೆದಿರುತ್ತದೆ. ನಾವು ಕರಗುವುದನ್ನಷ್ಟೇ ನೋಡಿ ಗಾಬರಿ ಬೀಳುತ್ತೇವೆ, ಅಲ್ವಾ?

ಹಳೇ ಎಲೆ ನೋಡಿ ಗಿಡದ ಹಣೆಬರಹ ಬರೆಯಬೇಡಿ. ಸುಳಿ ನೋಡಿ. ನಡುವೆ ಉಗುರಿನಷ್ಟು ಹೊಸ ಚಿಗುರು ಕಂಡರೂ ಸಾಕು, ಗಿಡ ಒಗ್ಗಿಕೊಳ್ಳುತ್ತಿದೆ. ಕರಗಿದ ಎಲೆಯನ್ನು ಬುಡದಲ್ಲಿ ಕತ್ತರಿಸಿ ತೆಗೆಯಿರಿ, ಕೊಳೆತರೆ ನೀರು ಕೆಡುತ್ತದೆ. ಗಿಡವನ್ನು ಮಾತ್ರ ಇದ್ದಲ್ಲೇ ಬಿಡಿ.

ಇದನ್ನು ಚೆನ್ನಾಗಿ ಕಲಿಸುವ ಗಿಡ ಕ್ರಿಪ್ಟೊಕೊರೈನ್. ಎಲ್ಲರೂ ಕ್ರಿಪ್ಟ್ ಅಂತಲೇ ಕರೆಯುತ್ತಾರೆ. ಇದರಲ್ಲಿ ವೆಂಡ್ಟಿ ಅನ್ನುವ ಜಾತಿ ಶ್ರೀಲಂಕಾದ್ದು, ಹೊಸಬರಿಗೆ ಹೇಳಿ ಮಾಡಿಸಿದ್ದು. ಕಡಿಮೆ ಬೆಳಕಾದರೂ ನಡೆಯುತ್ತದೆ. ಆದರೆ ಜಾಗ ಬದಲಾದರೆ, ನೀರು ಬದಲಾದರೆ, ಕೆಲವೊಮ್ಮೆ ಬಲ್ಬ್ ಬದಲಾಯಿಸಿದರೂ ಇದ್ದಬದ್ದ ಎಲೆಯನ್ನೆಲ್ಲ ಕರಗಿಸಿ ಬರೀ ಬುಡ ಉಳಿಸಿಕೊಳ್ಳುತ್ತದೆ. ಇದು ಎಷ್ಟು ಸಾಮಾನ್ಯ ಅಂದರೆ ಇದಕ್ಕೆ ಕ್ರಿಪ್ಟ್ ಮೆಲ್ಟ್ ಅಂತ ಹೆಸರೇ ಇದೆ. ಬೇರು ಗಟ್ಟಿಯಾಗಿದ್ದರೆ ಕೆಲವು ವಾರಗಳಲ್ಲಿ ಅದೇ ಜಾಗದಿಂದ ಕಡ್ಡಿಯಂಥ ಕಂದು ಚಿಗುರು ಏಳುತ್ತದೆ. ಈ ಮಧ್ಯೆ ಬೇರು ಬಿಟ್ಟಿದೆಯಾ ನೋಡೋಣ ಅಂತ ಒಂದು ಸಲ ಎಳೆದರೆ ಮುಗಿಯಿತು, ಮತ್ತೆ ಮೊದಲಿಂದ ಶುರು.

ಇನ್ನು ಅನೂಬಿಯಸ್. ಒಂದೇ ಗಿಡ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಹೊಳೆ ತೊರೆಗಳ ಬದಿಯ ನೆರಳಲ್ಲಿ ಬೆಳೆಯುವ ಗಿಡ ಇದು. ಕೈಯಲ್ಲಿ ಹಿಡಿದು ನೋಡಿ. ಎಲೆಯ ತೊಟ್ಟುಗಳೆಲ್ಲ ಬಂದು ಸೇರುವ ಕಡೆ ಅಡ್ಡ ಮಲಗಿದ ಹಸಿರು ಕಾಂಡವೊಂದಿದೆ, ಶುಂಠಿಯ ಹಾಗೆ ಗೆಣ್ಣುಗೆಣ್ಣಾಗಿ. ಅದು ರೈಜೋಮ್. ಅದರ ಕೆಳಗಿನಿಂದ ಬೇರು, ಮೇಲಿನಿಂದ ಎಲೆ. ಈ ರೈಜೋಮನ್ನು ಮರಳಿನಲ್ಲಿ ಹೂಳಬಾರದು. ಹೂತರೆ ಅದು ಕೊಳೆಯುತ್ತದೆ, ಮೇಲಿನ ಎಲೆ ಒಂದಷ್ಟು ದಿನ ಹಸಿರಾಗಿಯೇ ಇದ್ದು ಆಮೇಲೆ ಒಂದೊಂದಾಗಿ ಕಳಚುತ್ತದೆ. ಕೊಳ್ಳುವಾಗ ರೈಜೋಮನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ತನ್ನಿ. ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ, ಎಲೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ತಂದ ಮೇಲೆ ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿ. ಸೂಪರ್ ಗ್ಲೂ ಜೆಲ್ ಹಾಕಿ ಅಂಟಿಸಲೂಬಹುದು. ಅದು ಬರೀ ಸಯನೊಅಕ್ರಿಲೇಟ್ ಆಗಿದ್ದರೆ ಮೀನಿಗೆ ತೊಂದರೆ ಇಲ್ಲ. ಬೇರು ತಾನೇ ಕಲ್ಲು ಹಿಡಿದುಕೊಳ್ಳುತ್ತದೆ.

ಅನೂಬಿಯಸ್ ಬಹಳ ನಿಧಾನದ ಗಿಡ. ತಿಂಗಳಿಗೆ ಒಂದೋ ಎರಡೋ ಎಲೆ ಬಿಡಬಹುದು. ಎಲೆಯೊಂದು ಅಷ್ಟು ದಿನ ಇರುವುದರಿಂದಲೇ ಅದರ ಮೇಲೆ ಪಾಚಿ ಕೂರುತ್ತದೆ. ಹಾಗಾಗಿ ಲೈಟಿನ ನೇರ ಕೆಳಗೆ ಬೇಡ, ಮರದ ತುಂಡಿನ ನೆರಳಿಗೆ ಇಡಿ. ಜಾವಾ ಫರ್ನ್‌ಗೂ ಇದೇ ಕ್ರಮ, ಅದಕ್ಕೂ ರೈಜೋಮ್ ಹೂಳಬಾರದು. ಅದರ ಎಲೆಯ ಅಡಿಯಲ್ಲಿ ಸಾಲಾಗಿ ಕಂದು ಚುಕ್ಕೆ ಕಂಡರೆ ರೋಗ ಅಂತ ಕತ್ತರಿಸಬೇಡಿ. ಬಹಳ ಸಲ ಅವು ಫರ್ನ್ ಬೀಜದ ಬದಲು ಬಿಡುವ ಬೀಜಕಗಳು. ಎಲೆಯ ಮೇಲೇ ಬೇರು ಸಮೇತ ಪುಟ್ಟ ಮರಿಗಿಡ ಹುಟ್ಟುವುದೂ ಉಂಟು, ಬಿಡಿಸಿಕೊಂಡು ಇನ್ನೊಂದು ಕಲ್ಲಿಗೆ ಕಟ್ಟಬಹುದು. ಜಾವಾ ಮಾಸ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎಲ್ಲಿಟ್ಟರೂ ಬರುತ್ತದೆ.

ಮರಳಿನಲ್ಲಿ ನೆಡುವ ಗಿಡ ಬೇಕು ಅಂದರೆ ಕ್ರಿಪ್ಟ್ ಜೊತೆಗೆ ವ್ಯಾಲಿಸ್ನೇರಿಯಾ, ದೊಡ್ಡ ಟ್ಯಾಂಕ್ ಇದ್ದರೆ ಅಮೆಜಾನ್ ಸ್ವೋರ್ಡ್. ಇವು ಬೇರಿನಿಂದ ಚೆನ್ನಾಗಿ ಉಣ್ಣುವ ಗಿಡಗಳು. ಬರೀ ಮರಳಿನಲ್ಲಿ ಏನೂ ಸತ್ವ ಇರುವುದಿಲ್ಲ, ಬುಡದ ಹತ್ತಿರ ರೂಟ್ ಟ್ಯಾಬ್, ಅಂದರೆ ಗೊಬ್ಬರದ ಗುಳಿಗೆ, ಹೂತಿಡಬೇಕು. ಮರಳು 5 ಸೆಂಟಿಮೀಟರ್ ಆದರೂ ಇರಲಿ. ನೆಡುವ ಮುಂಚೆ ಕುಂಡವನ್ನೂ ಬೇರಿಗೆ ಸುತ್ತಿದ ಹತ್ತಿಯಂಥ ರಾಕ್‌ವುಲ್‌ ಅನ್ನೂ ತೆಗೆದುಬಿಡಿ. ಬೇರು ಒಳಗೆ ಹೋಗಲಿ, ಎಲೆ ಹೊರಡುವ ಬುಡ ಮೇಲಿರಲಿ. ವ್ಯಾಲಿಸ್ನೇರಿಯಾ ಒಗ್ಗಿದ ಮೇಲೆ ಬಳ್ಳಿ ಹರಿಸಿ ಸಾಲಾಗಿ ಮರಿ ಹಾಕುತ್ತದೆ. ಲಿಕ್ವಿಡ್ ಕಾರ್ಬನ್ ಅಂತ ಮಾರುವ ದ್ರಾವಣ ಇದಕ್ಕೆ ಆಗಿಬರುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಇರುವುದು ಗ್ಲುಟರಾಲ್ಡಿಹೈಡ್, ಎಲೆ ಕರಗಿಸಿಬಿಡಬಹುದು.

ಹೊಸ ಟ್ಯಾಂಕಿಗೆ ಬೇಗ ಬೆಳೆಯುವ ಗಿಡವೂ ಒಂದಿರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಹಾರ್ನ್‌ವರ್ಟ್‌ಗೆ ಬೇರೇ ಇಲ್ಲ, ಸುಮ್ನೆ ತೇಲಿಬಿಟ್ಟರೆ ಸಾಕು. ವಾಟರ್ ವಿಸ್ಟೀರಿಯಾ ತುಂಡು ಮಾಡಿ ಚುಚ್ಚಿದರೂ ಬದುಕುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಇವು ನೇರವಾಗಿ ಹೀರಿಕೊಳ್ಳುತ್ತವೆ, ಪಾಚಿಗೆ ಸಿಗುವ ಗೊಬ್ಬರ ಅಷ್ಟು ಕಡಿಮೆಯಾಗುತ್ತದೆ. ಹಾಗಂತ ಗಿಡ ಇದೆ ಅಂತ ನೀರು ಬದಲಾಯಿಸುವುದು ಬಿಡುವ ಹಾಗಿಲ್ಲ.

ಬೆಳಕಿನ ವಿಷಯಕ್ಕೆ ಬರುತ್ತೇನೆ, ಹೊಸಬರ ಟ್ಯಾಂಕ್ ಕೆಡುವುದು ಹೆಚ್ಚಾಗಿ ಇಲ್ಲೇ. ಗಿಡ ಬೆಳೆಯುತ್ತಿಲ್ಲ ಅಂತ ಕಂಡ ಕೂಡಲೇ ಲೈಟ್ 12 ಗಂಟೆ ಉರಿಸುತ್ತಾರೆ. ಹೊರಗಿಂದ ಕಾರ್ಬನ್ ಡೈಆಕ್ಸೈಡ್ ಕೊಡದ ಟ್ಯಾಂಕಿನಲ್ಲಿ ಗಿಡ ಆ ಬೆಳಕನ್ನೆಲ್ಲ ಬಳಸಿಕೊಳ್ಳಲಾರದು. ಉಳಿದದ್ದು ಪಾಚಿಯ ಪಾಲು. ದಿನಕ್ಕೆ 6 ಗಂಟೆಯಿಂದ ಶುರು ಮಾಡಿ. ಹೊಸ ಎಲೆ ಬರುತ್ತಿದ್ದು ಪಾಚಿ ಇಲ್ಲದಿದ್ದರೆ 8ಕ್ಕೆ ಏರಿಸಿ. ಟೈಮರ್ ಹಾಕಿಬಿಡಿ, ದಿನಾ ಒಂದೇ ಹೊತ್ತಿಗೆ ಹತ್ತಿ ಆರಲಿ. ಕಿಟಕಿಯ ನೇರ ಬಿಸಿಲು ಬೇಡ. ಗಾಜಿಗೆ ಹಸಿರು ಧೂಳು ಹಿಡಿದರೆ ಮೊದಲು ಗಂಟೆ ಕಡಿಮೆ ಮಾಡಿ, ಔಷಧಿ ಆಮೇಲೆ ನೋಡೋಣ.

ಗಿಡ ಒಗ್ಗಿದ ಮೇಲೆ ಎಲೆಯನ್ನು ಓದುವುದು ಬೇರೆ ಥರ. ಆಗ ಹಳೇ ಎಲೆಗೂ ಬೆಲೆ ಬರುತ್ತದೆ. ಸಾರಜನಕ, ಪೊಟ್ಯಾಶಿಯಂ ಇಂಥವನ್ನು ಗಿಡ ಹಳೇ ಎಲೆಯಿಂದ ಹೊಸದಕ್ಕೆ ಸಾಗಿಸಬಲ್ಲದು, ಅದಕ್ಕೇ ಕೊರತೆಯಾದಾಗ ಮೊದಲು ಸೊರಗುವುದು ಹಳೇ ಎಲೆ. ಪೂರ್ತಿ ಹಳದಿಯಾದರೆ ಸಾರಜನಕ, ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಶಿಯಂ ಅಂತ ಅನುಮಾನಪಡಬಹುದು. ಕಬ್ಬಿಣವನ್ನು ಹಾಗೆ ಸಾಗಿಸಲು ಆಗುವುದಿಲ್ಲ, ಅದು ಕಡಿಮೆಯಾದರೆ ಹೊಸ ಎಲೆಯೇ ಬಿಳಿಚಿಕೊಂಡು ಬರುತ್ತದೆ. ಅನೂಬಿಯಸ್, ಜಾವಾ ಫರ್ನ್ ಮಾತ್ರ ಇದ್ದರೆ ಎಲ್ಲ ಸೇರಿರುವ ದ್ರವ ಗೊಬ್ಬರ ವಾರಕ್ಕೊಮ್ಮೆ, ಬಾಟಲಿಯಲ್ಲಿ ಹೇಳಿದ್ದರ ಅರ್ಧ ಹಾಕಿದರೆ ಶುರುವಿಗೆ ಸಾಕು.

ಕೊಳ್ಳುವಾಗ ಇನ್ನೊಂದು ಎಚ್ಚರ. ಲಕ್ಕಿ ಬ್ಯಾಂಬೂ, ಸಿಂಗೋನಿಯಂ ಇವನ್ನೆಲ್ಲ ಅಕ್ವೇರಿಯಂ ಗಿಡ ಅಂತ ಮಾರುವುದಿದೆ. ಅವು ನೆಲದ ಗಿಡಗಳು, ಪೂರ್ತಿ ಮುಳುಗಿಸಿದರೆ ನಿಧಾನವಾಗಿ ಕೊಳೆಯುತ್ತವೆ. ಗಿಡದ ಜೊತೆ ಬಸವನಹುಳು ಬಂದರೆ ಹೆದರಬೇಡಿ, ಸಣ್ಣವು ಹೆಚ್ಚಾಗಿ ಸತ್ತ ಎಲೆ, ಪಾಚಿ ತಿನ್ನುತ್ತವೆ. ಅವು ವಿಪರೀತ ಹೆಚ್ಚಿದರೆ ನೀವು ಮೀನಿಗೆ ಊಟ ಜಾಸ್ತಿ ಹಾಕುತ್ತಿದ್ದೀರಿ ಅಂತ ಲೆಕ್ಕ. ಗೋಲ್ಡ್‌ಫಿಶ್ ಇರುವವರು ಮೆತ್ತಗಿನ ಗಿಡದ ಆಸೆ ಬಿಟ್ಟು ಅನೂಬಿಯಸ್ಸಿಗೇ ಅಂಟಿಕೊಳ್ಳಿ.

ಕೊನೆಯದಾಗಿ, ಗಿಡ ಚೆನ್ನಾಗಿ ಬಂದಾಗ ಹುಟ್ಟುವ ಸಮಸ್ಯೆ. ಕತ್ತರಿಸಿದ್ದನ್ನು ಏನು ಮಾಡುವುದು? ಕೆರೆಗೆ, ಹೊಳೆಗೆ, ಚರಂಡಿಗೆ ದಯವಿಟ್ಟು ಹಾಕಬೇಡಿ. ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್ ಅಲಂಕಾರದ ಗಿಡವಾಗಿ ದೇಶ ದೇಶ ಸುತ್ತಿ ಎಷ್ಟು ಕೆರೆಗಳನ್ನು ಮುಚ್ಚಿದೆ ಅಂತ ಎಲ್ಲರಿಗೂ ಗೊತ್ತಿದೆ. ಹಾರ್ನ್‌ವರ್ಟ್‌ನಂಥ ಗಿಡಕ್ಕೆ ಒಂದು ಸಣ್ಣ ತುಂಡು ಸಾಕು, ಅಲ್ಲಿಂದಲೇ ಹಬ್ಬುತ್ತದೆ. ಯಾರಿಗಾದರೂ ಕೊಡಿ. ತೆಗೆದುಕೊಳ್ಳುವವರು ಇಲ್ಲದಿದ್ದರೆ ಪೇಪರ್ ಮೇಲೆ ಹರಡಿ ಬಿಸಿಲಲ್ಲಿ ಗರಿಗರಿ ಆಗುವವರೆಗೆ ಒಣಗಿಸಿ, ಆಮೇಲೆ ಕುಂಡದ ಗಿಡಗಳ ಗೊಬ್ಬರಕ್ಕೆ ಸೇರಿಸಿ.