ಅಲಮಾರಿ ತುಂಬ ಅರಿವಿ, ಉಡಲು ಒಂದೂ ಇಲ್ಲ

ಕೇಳುಗರಿಗೆ ನಮಸ್ಕಾರ. ಅಲಮಾರಿ ಬಾಗಿಲು ತೆಗೆದರೆ ಅರಿವಿ ಮೈಮೇಲೆ ಬೀಳುತ್ತವೆ. ಆದರೂ ಹೊರಗೆ ಹೊರಟಾಗ ಕೈ ಹೋಗುವುದು ಅವೇ ನಾಲ್ಕು ಜೊತೆಗೆ. ನಿಮ್ಮ ಶೈಲಿ ಇರುವುದು ಆ ನಾಲ್ಕರಲ್ಲೇ. ಅವನ್ನು ಮಂಚದ ಮೇಲೆ ಹರವಿ ನೋಡಿ: ತೋಳು ಎಷ್ಟುದ್ದ, ಕೊರಳು ಎಂಥದು, ಬಟ್ಟೆ ಯಾವುದು, ಬಣ್ಣ ಯಾವುದು? ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಖರೀದಿಗೆ ಅದೇ ಅಳತೆಗೋಲು.

ಇನ್ನು ಉಳಿದವು. ಮೊದಲು ಎಲ್ಲವನ್ನೂ ಅಲಮಾರಿಯ ಎಡಗಡೆ ಸರಿಸಿ, ಉಟ್ಟು ಒಗೆದದ್ದನ್ನೆಲ್ಲ ಬಲಗಡೆ ಇಡುತ್ತ ಹೋಗಿ. ಎರಡು ತಿಂಗಳಾದ ಮೇಲೂ ಎಡಗಡೆಯೇ ಉಳಿದದ್ದನ್ನು ಒಂದೊಂದಾಗಿ ಹಾಕಿ ನೋಡಿ. ಲಗ್ನದ ಸೀರೆ, ಸ್ವೆಟರ್ ಈ ಲೆಕ್ಕಕ್ಕಿಲ್ಲ. ಸೊಂಟ ಬಿಗಿಯಾಗಿದ್ದು ಒಳಗೆ ಹೊಲಿಗೆಯ ಅಂಚು ಇದ್ದರೆ ಬಿಚ್ಚಿಸಬಹುದು. ಭುಜದ ಹೊಲಿಗೆ ಮೂಳೆ ದಾಟಿ ಒಂದು ಇಂಚು ಕೆಳಗಿಳಿದಿದ್ದರೆ ತೋಳನ್ನೇ ಕಿತ್ತು ಮತ್ತೆ ಕೂಡಿಸಬೇಕು. ಆ ಖರ್ಚಿಗಿಂತ ಬೇರೆಯವರಿಗೆ ಕೊಡುವುದೇ ಲೇಸು.

ಎಷ್ಟು ಜೊತೆ ಬೇಕು? ಅದನ್ನು ನಿಮ್ಮ ಓಣಿಯ ನಲ್ಲಿಯೇ ಹೇಳುತ್ತದೆ. ಮೂರು ದಿನಕ್ಕೊಮ್ಮೆ ನೀರು ಬಂದು ಆಗಲೇ ಬಟ್ಟೆ ಒಗೆಯುವುದಾದರೆ, ದಿನದ ಉಡುಗೆಗೆ ಮೂರು, ಒಣಗುವುದಕ್ಕೆ ಒಂದು, ಅಡಚಣೆಗೆ ಒಂದು. ಒಟ್ಟು ಐದು ಮೇಲಂಗಿ, ಮೂರು ಪ್ಯಾಂಟು ಸಾಕು.

ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಹತ್ತಿ ನೂಲು ತನ್ನ ತೂಕದ ಸುಮಾರು 8 ಪ್ರತಿಶತ ತೇವ ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಪ್ರತಿಶತವೂ ಇಲ್ಲ. ಬೆವರು ಮೈಗೆ ಅಂಟುವುದು ಅದಕ್ಕೇ. ಅಂಗಡಿಯಾತ ‘ಪ್ಯೂರ್ ಕಾಟನ್ ರೀ’ ಅಂದರೂ ತುಂಡಿನ ಅಂಚಿನಿಂದ ಒಂದು ಎಳೆ ಕೇಳಿ ಪಡೆದು ಹೊರಗೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ ಬಂದರೆ ಹತ್ತಿ. ಕರಗಿ ಗಟ್ಟಿ ಕರೀ ಗುಂಡಾದರೆ ಪಾಲಿಯೆಸ್ಟರ್ ಬೆರೆತಿದೆ. ರೇಯಾನೂ ಕಾಗದದಂತೆಯೇ ಉರಿಯುತ್ತದೆ, ಆದರೆ ಒದ್ದೆಯಾದಾಗ ಅದರ ಎಳೆ ಸೋಲುತ್ತದೆ. ನೆಂದ ಎಳೆಯನ್ನು ಜಗ್ಗಿದರೆ ಗೊತ್ತಾಗುತ್ತದೆ.

ಸೀರೆ ಉಡುವವರು ಪ್ರತಿ ಸೀರೆಗೂ ಒಂದು ಜಂಪರ್ ಹೊಲಿಸಿ ಅಲಮಾರಿ ತುಂಬಿಸುತ್ತಾರೆ. ಇಳಕಲ್ ಸೀರೆಯ ಸೆರಗು ಸಾಮಾನ್ಯವಾಗಿ ಕೆಂಪು. ಹಾಗಾಗಿ ಗುಳೇದಗುಡ್ಡ ಖಣದ ಒಂದು ಒಳ್ಳೆ ಕೆಂಪು ಜಂಪರ್ ಮೂರ್ನಾಲ್ಕು ಸೀರೆಗೆ ಒಪ್ಪುತ್ತದೆ. ಒಂದೇ ಸೀರೆಗೆ ಮಾತ್ರ ಹೊಂದುವ ಜಂಪರ್ ನನ್ನ ದೃಷ್ಟಿಯಲ್ಲಿ ದುಬಾರಿ.

ಹೊಸ ಹತ್ತಿ ಬಟ್ಟೆಯನ್ನು ನೇರವಾಗಿ ಸಿಂಪಿಗರಿಗೆ ಕೊಡಬೇಡಿ. ರಾತ್ರಿ ಬರೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಇಲ್ಲವಾದರೆ 40 ಇಂಚಿನ ಕುರ್ತಾ ಒಗೆದ ಮೇಲೆ ಒಂದೂವರೆ, ಎರಡು ಇಂಚು ಗಿಡ್ಡಾದೀತು. ಐದನ್ನೂ ಒಟ್ಟಿಗೆ ಕೊಡದೆ ಮೊದಲು ಒಂದೇ ಹೊಲಿಸಿ. ಎರಡು ಸಲ ಒಗೆದು, ಕೈ ಎತ್ತಿ, ಬಗ್ಗಿ, ಕುಳಿತು ನೋಡಿ. ಕಂಕುಳಲ್ಲಿ ಜಗ್ಗಿದರೆ ಅಳತೆ ತಿದ್ದಿಸಿ ಉಳಿದವನ್ನು ಕೊಡಿ. ಈ ಕೆಲಸಕ್ಕೆ ಜನವರಿಯೇ ಸರಿ. ಬೇಸಿಗೆಯ ಲಗ್ನಸರಾಯಿ ಶುರುವಾದರೆ ಸಿಂಪಿಗರಿಗೆ ನಿಮ್ಮ ಕಂಕುಳು ನೋಡಲು ಪುರುಸೊತ್ತು ಇರುವುದಿಲ್ಲ.